ದಾರಿಯಿಂದ ನೋಡಲೆಂದೇ ಕಟ್ಟಿದ ಮನೆ

‘ಲಾಡ್ಜ್’ ಎಂದರೆ ನಮಗೆ ಬಸ್ ಸ್ಟ್ಯಾಂಡಿನ ಎದುರು ‘ರೂಮುಗಳು ದೊರೆಯುತ್ತವೆ’ ಎಂಬ ಬೋರ್ಡು ಹೊತ್ತು ನಿಂತ ಕಟ್ಟಡ. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಅದೇ ಹೆಸರಿನ ಮನೆ ಬೇರೆಯೇ ಜಾತಿಯದು. ಎಸ್ಟೇಟಿನ ಕಲ್ಲಿನ ಕಾಂಪೌಂಡು ರಸ್ತೆಯುದ್ದಕ್ಕೂ ಸಾಗಿ ಬಂದು ಒಂದು ಕಡೆ ಬಾಯಿ ಬಿಡುತ್ತದೆ. ಅಲ್ಲಿ ಎರಡು ಕಂಬ, ಒಂದು ಕಬ್ಬಿಣದ ಗೇಟು, ಗೇಟಿಗೆ ಅಂಟಿಕೊಂಡಂತೆ ಒಂದು ಪುಟ್ಟ ಮನೆ. ಒಂದೂವರೆ ಅಂತಸ್ತು, ಕಡಿದಾದ ಮಾಡು, ಮನೆಯ ಗಾತ್ರಕ್ಕೆ ಸಲ್ಲದಷ್ಟು ಎತ್ತರದ ಹೊಗೆಗೂಡು, ಲೇಸಿನಂತೆ ಕೊರೆದ ಮರದ ಅಂಚು. ಗೇಟು ತೆಗೆದು ಹಾಕುವವರ ಸಂಸಾರ ಅಲ್ಲಿರುತ್ತಿತ್ತು. ಯಜಮಾನರ ಬಂಗಲೆ ಇನ್ನೂ ಎಷ್ಟೋ ಒಳಗೆ, ಮರಗಳ ಮರೆಯಲ್ಲಿ. ದಾರಿಹೋಕರ ಕಣ್ಣಿಗೆ ಬೀಳುತ್ತಿದ್ದುದು ಈ ಗೇಟ್ ಲಾಡ್ಜ್ ಒಂದೇ.

ಹೀಗಾಗಿ ಇದರ ನಕ್ಷೆ ಬರೆಯುವವರು ರಸ್ತೆಯಲ್ಲಿ ನಿಂತುಕೊಂಡೇ ಬರೆಯುತ್ತಿದ್ದರು. ಸಾರೋಟು ತಿರುವು ದಾಟಿದಾಗ ಮೊದಲು ಕಾಣುವುದು ಯಾವ ಮೂಲೆ, ಆಮೇಲೆ ಯಾವುದು, ಗೇಟಿನ ಮುಂದೆ ನಿಂತಾಗ ಕಣ್ಣೆತ್ತರಕ್ಕೆ ಏನು ಬರುತ್ತದೆ ಎಂಬುದು ಮೊದಲ ಲೆಕ್ಕ. ಒಳಗಿರುವವರ ಅಡುಗೆ, ನಿದ್ದೆ, ಸೌದೆ ಎಲ್ಲಿ ಎಂಬುದು ಎರಡನೆಯದು. ಮಳೆ ಎಲ್ಲಿ ಬಿದ್ದು ಎಲ್ಲಿಗೆ ಹೋಗಬೇಕು ಎಂಬ ಲೆಕ್ಕ ಎಷ್ಟೋ ಸಲ ಮೂರನೆಯದಾಗಿ ಉಳಿಯಿತು. ಇಂದು ಈ ಮನೆಗಳ ರಿಪೇರಿಗೆ ಇಳಿಯುವವರು ಆ ಮೂರನೆಯ ಲೆಕ್ಕದ ಬಾಕಿಯನ್ನು ತೀರಿಸುತ್ತಿದ್ದಾರೆ.

ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದದ್ದು 1837ರಲ್ಲಿ. ಅದಕ್ಕೆ ಹಿಂದಿನ ತಲೆಮಾರಿನ ಲಾಡ್ಜುಗಳು ಹೆಚ್ಚಾಗಿ ಜೋಡಿ ಡಬ್ಬಿಗಳು. ಗೇಟಿನ ಆಚೆ ಒಂದು, ಈಚೆ ಒಂದು, ಅಚ್ಚುಕಟ್ಟಾದ ಕಲ್ಲಿನ ಚೌಕ, ಅವಳಿ ಮಕ್ಕಳಂತೆ. ನೋಡಲು ಗಂಭೀರ, ಬಾಳಲು ಪಾಡು. ಒಂದು ಡಬ್ಬಿಯಲ್ಲಿ ಅಡುಗೆ, ಇನ್ನೊಂದರಲ್ಲಿ ಹಾಸಿಗೆ ಎಂದಾಗಿಬಿಟ್ಟರೆ ರಾತ್ರಿ ಊಟ ಮುಗಿಸಿ ಮಲಗಲು ಸಾರೋಟಿನ ದಾರಿ ದಾಟಿ ಹೋಗಬೇಕು, ಅದೂ ಆ ದೇಶದ ಜಡಿಮಳೆಯಲ್ಲಿ. ಎರಡು ಡಬ್ಬಿಗಳನ್ನು ಒಂದೇ ಮನೆಯಾಗಿ ಕೂಡಿಸಿ ಗೇಟಿನ ಒಂದೇ ಪಕ್ಕಕ್ಕೆ ತಂದದ್ದು ಪಿಕ್ಚರೆಸ್ಕ್ ಪಂಥದವರು, ಅಂದರೆ ಮನೆಯೂ ತೋಟವೂ ಬರೆದ ಚಿತ್ರದಂತಿರಬೇಕು ಎನ್ನುವವರು, ಮಾಡಿದ ಉಪಕಾರ. ಅವರ ಉದ್ದೇಶ ಉಪಕಾರ ಆಗಿರಲಿಲ್ಲ ಎನ್ನುವುದು ಬೇರೆ ಮಾತು.

ಆ ಪಂಥದ ಮಾತನ್ನು ಸ್ಪಷ್ಟವಾಗಿ ಹೇಳಿದವರಲ್ಲಿ ಉವೆಡೇಲ್ ಪ್ರೈಸ್ ಮುಖ್ಯರು. ನಯವಾದ, ಸರಿಸಮನಾದ ಚೆಲುವಿಗಿಂತ ಒರಟುತನ, ಥಟ್ಟನೆ ಬದಲಾಗುವ ರೇಖೆ, ಅಂಕುಡೊಂಕು ಇವು ಚಿತ್ರದಂತೆ ಕಣ್ಣನ್ನು ಹಿಡಿಯುತ್ತವೆ ಎಂದು ಅವರು 1794ರಲ್ಲಿ ವಾದಿಸಿದರು. ಅದನ್ನು ಕಟ್ಟಿ ತೋರಿಸಿದ್ದು ವಾಸ್ತುಶಿಲ್ಪಿ ಜಾನ್ ನ್ಯಾಶ್. ಬ್ರಿಸ್ಟಲ್ ಪಕ್ಕದ ಬ್ಲೇಜ಼್ ಹ್ಯಾಮ್ಲೆಟ್‌ನಲ್ಲಿ, ಬ್ಯಾಂಕರ್ ಜಾನ್ ಸ್ಕ್ಯಾಂಡ್ರೆಟ್ ಹಾರ್ಫರ್ಡರ ಎಸ್ಟೇಟಿನ ವಯಸ್ಸಾದ ಕೆಲಸಗಾರರಿಗೆಂದು 1811ರ ಹೊತ್ತಿಗೆ ಒಂದು ಹುಲ್ಲುಹಾಸಿನ ಸುತ್ತ ಅವರು ಒಂಬತ್ತು ಮನೆ ಕಟ್ಟಿಸಿದರು. ಒಂದರಂತೆ ಇನ್ನೊಂದಿಲ್ಲ. ಮಾಡು ಬೇರೆ, ಜಗಲಿ ಬೇರೆ, ಹೊಗೆಗೂಡಂತೂ ಒಂದೊಂದೂ ಒಂದೊಂದು ಶಿಲ್ಪ. 1943ರಿಂದ ಪಾರಂಪರಿಕ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಅದನ್ನು ನೋಡಿಕೊಳ್ಳುತ್ತಿದೆ. ಮುಂದಿನ ಅರ್ಧ ಶತಮಾನದ ಲಾಡ್ಜುಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಈ ಒಂಬತ್ತರ ಮೊಮ್ಮಕ್ಕಳು.

ಈ ರೂಪ ಹಬ್ಬಲು ಸಹಾಯ ಮಾಡಿದ್ದು ಮಾದರಿ ನಕ್ಷೆಗಳ ಪುಸ್ತಕಗಳು. ಜೆ. ಸಿ. ಲೌಡನ್ 1833ರಲ್ಲಿ ತಂದ ಸಾವಿರಕ್ಕೂ ಹೆಚ್ಚು ಪುಟಗಳ ವಿಶ್ವಕೋಶದಲ್ಲಿ ಕುಟೀರದಿಂದ ವಿಲ್ಲಾದವರೆಗೆ ನಕ್ಷೆ, ವಿವರ ಎಲ್ಲ ಇತ್ತು. ಊರಿನ ಮೇಸ್ತ್ರಿ ಪುಟ ತೆರೆದಿಟ್ಟುಕೊಂಡು ಕಟ್ಟಬಹುದಿತ್ತು. ಸರ್ಕಾರವೂ ಅಡ್ಡಿ ತೆಗೆಯಿತು: ಗಾಜಿನ ಸುಂಕ 1845ರಲ್ಲಿ, ಇಟ್ಟಿಗೆಯ ಸುಂಕ 1850ರಲ್ಲಿ, ಕಿಟಕಿಗಳ ಮೇಲಿನ ತೆರಿಗೆ 1851ರಲ್ಲಿ ರದ್ದಾದವು. ರೈಲು ಬಂದಮೇಲೆ ವೇಲ್ಸಿನ ಸ್ಲೇಟ್ ಕಲ್ಲು ಎಲ್ಲೆಡೆ ಅಗ್ಗವಾಯಿತು. ಹಾಗಿದ್ದರೂ ಒಳ್ಳೆಯ ಲಾಡ್ಜುಗಳು ಎಷ್ಟೋ ಕಡೆ ಸ್ಲೇಟನ್ನು ಬಿಟ್ಟು ಸುಟ್ಟ ಮಣ್ಣಿನ ಹೆಂಚನ್ನೇ ಹೊದ್ದವು, ಏಕೆಂದರೆ ಹಳೆಯ ಕಾಲದ್ದೆಂಬ ನಟನೆಗೆ ಹೆಂಚೇ ಬೇಕಿತ್ತು.

ಒಳಗಿನ ನಕ್ಷೆ ಸರಳ. ಬೆಂಕಿಗೂಡಿರುವ ದೊಡ್ಡ ಕೋಣೆ ಒಂದು, ಅದೇ ಅಡುಗೆಮನೆ, ಅದೇ ನಡುಮನೆ. ಪಕ್ಕದಲ್ಲಿ ಇನ್ನೊಂದು ಸಣ್ಣ ಕೋಣೆ. ಹಿಂದೆ ಇಳಿಮಾಡಿನ ಕೆಳಗೆ ಪಾತ್ರೆ ತೊಳೆಯುವ ಜಾಗ, ಸೌದೆ ಮತ್ತು ಕಲ್ಲಿದ್ದಲು. ಮೇಲೆ, ಮಾಡಿನ ಇಳಿಜಾರಿನೊಳಗೆ ತುರುಕಿದ ಒಂದೆರಡು ಮಲಗುವ ಕೋಣೆ. ಅಲ್ಲಿ ನೆಟ್ಟಗೆ ನಿಲ್ಲಲು ನಡುವಿನ ಪಟ್ಟಿಯಲ್ಲಿ ಮಾತ್ರ ಸಾಧ್ಯ. ಕಕ್ಕಸು ಹಿತ್ತಿಲಿಗೆ, ಪೊದೆಯ ಮರೆಗೆ. ಈ ಮೂರು ನಾಲ್ಕು ಕೋಣೆಗಳನ್ನು ಟಿ ಅಕ್ಷರದ ಹಾಗೆ, ಎಲ್ ಅಕ್ಷರದ ಹಾಗೆ ಇಲ್ಲವೇ ಶಿಲುಬೆಯ ಹಾಗೆ ಜೋಡಿಸಿದರೆ ರಸ್ತೆಗೆ ಒಂದು ಗೇಬಲ್, ಒಳದಾರಿಗೆ ಇನ್ನೊಂದು ಗೇಬಲ್ ಸಿಗುತ್ತದೆ. ಗೇಬಲ್ ಎಂದರೆ ಮಾಡಿನ ಎರಡು ಇಳಿಜಾರುಗಳ ನಡುವೆ ಎದ್ದುನಿಲ್ಲುವ ತ್ರಿಕೋನದ ಗೋಡೆ. ನಮ್ಮ ಮಲೆನಾಡಿನ ನಾಲ್ಕುಪಾಲಿನ ಮಾಡಿನ ಮನೆಗೆ ಇದು ಇರುವುದಿಲ್ಲ, ಮಳೆ ನಾಲ್ಕೂ ಕಡೆಗೆ ಇಳಿದುಹೋಗುತ್ತದೆ. ಗೇಬಲ್ಲಿನ ಮನೆ ಮಳೆಗೆ ಮುಖ ಒಡ್ಡಿ ನಿಲ್ಲುತ್ತದೆ.

ಕಾವಲಿನ ಕೆಲಸ ಮಾಡುತ್ತಿದ್ದದ್ದು ಬೇ ಕಿಟಕಿ. ಗೋಡೆಯಿಂದ ಹೊರಚಾಚಿದ ಮೂರು ಮುಖದ ಈ ಕಿಟಕಿಯಲ್ಲಿ ಕೂತರೆ ರಸ್ತೆಯ ಎರಡೂ ದಿಕ್ಕು ಕಾಣುತ್ತದೆ, ನಡುವಿನ ಗಾಜಿನಿಂದ ಗೇಟು. ಸುಂಕದ ಕಟ್ಟೆಯ ಮನೆಗಳಲ್ಲೂ ಇದೇ ಉಪಾಯ. ಕಂಬದಲ್ಲೊಂದು ಗಂಟೆಯ ಹಿಡಿ, ಅಲ್ಲಿಂದ ತಂತಿ ಎಳೆದು ಒಳಗೊಂದು ಗಂಟೆ. ಗಂಡ ತೋಟದ ಕೆಲಸಕ್ಕೋ ಕಾಡಿನ ಕಾವಲಿಗೋ ಹೋಗಿರುತ್ತಿದ್ದುದರಿಂದ ಗೇಟಿಗೆ ಓಡಿಬರುತ್ತಿದ್ದವಳು ಹೆಚ್ಚಾಗಿ ಹೆಂಡತಿ, ಇಲ್ಲವೇ ಮಕ್ಕಳು. ಬೇ ಕಿಟಕಿಯ ಪಕ್ಕಕ್ಕೇ ಒಲೆಯಿರುವ ಕೋಣೆಯನ್ನು ಇಟ್ಟ ನಕ್ಷೆಯನ್ನು ಕಂಡರೆ ಅದನ್ನು ಬರೆದವರು ಈ ಸಂಗತಿಯನ್ನು ಬಲ್ಲವರು ಎನ್ನಬಹುದು. ಗೇಟಿಗೆ ಬೆನ್ನು ಹಾಕಿ ಅಡುಗೆಮನೆ ಇಟ್ಟ ಲಾಡ್ಜುಗಳೂ ಇವೆ. ಅವು ಬರೀ ಚಿತ್ರ.

ಮಾಡು

ಲಾಡ್ಜಿನ ದುಡ್ಡು, ಚೆಲುವು, ತೊಂದರೆ ಮೂರೂ ಮಾಡಿನಲ್ಲಿವೆ. ಇಳಿಜಾರು ಸಾಮಾನ್ಯವಾಗಿ 50ರಿಂದ 60 ಡಿಗ್ರಿ. ಇಷ್ಟು ಕಡಿದಾದ ಮಾಡು ಮಳೆಗೆ ಅಗತ್ಯವೇನಲ್ಲ. ಇಂಗ್ಲೆಂಡಿನ ಚಪ್ಪಟೆ ಹೆಂಚಿಗೆ 35 ಡಿಗ್ರಿ ಸಾಕು. ಕೆಳಗಿನಿಂದ ನೋಡುವವರಿಗೆ ಹೆಂಚಿನ ಮೈ ಪೂರ್ತಿ ಕಾಣಬೇಕು, ಅದಕ್ಕಾಗಿ ಈ ಏರು.

ಈ ಚಪ್ಪಟೆ ಹೆಂಚು ನಮ್ಮ ಮಂಗಳೂರು ಹೆಂಚಿನ ಹಾಗಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ತಯಾರಿಸಲು ತೊಡಗಿದ ಹೆಂಚು ಒಂದರ ಕಿವಿಗೆ ಇನ್ನೊಂದು ಸಿಕ್ಕಿ ಕೂರುತ್ತದೆ. ಒಂದು ಚದರ ಮೀಟರಿಗೆ ಹದಿನೈದರ ಆಸುಪಾಸು ಸಾಕು. ಇಂಗ್ಲಿಷ್ ಹೆಂಚಿಗೆ ಅಂಥ ಕಚ್ಚು ಇಲ್ಲ. 1477ರ ಕಾನೂನು ಅದರ ಅಳತೆಯನ್ನು ಉದ್ದ ಹತ್ತೂವರೆ ಇಂಚು, ಅಗಲ ಆರೂಕಾಲು ಇಂಚು ಎಂದು ಗೊತ್ತುಮಾಡಿತ್ತು. ಇವತ್ತಿನದು 265 ಮತ್ತು 165 ಮಿಲಿಮೀಟರ್, ಹೆಚ್ಚು ಕಡಿಮೆ ಅದೇ. ರೀಪುಗಳ ನಡುವೆ 100 ಮಿಲಿಮೀಟರ್ ಅಂತರ. ಅಂದರೆ ಒಂದು ಹೆಂಚು ತನ್ನ ಕೆಳಗಿನದನ್ನಷ್ಟೇ ಮುಚ್ಚದೆ ಅದರ ಕೆಳಗಿನದರ ತಲೆಯನ್ನೂ 65 ಮಿಲಿಮೀಟರ್ ಮುಚ್ಚುತ್ತದೆ. ನೂರು, ನೂರು, ಅರವತ್ತೈದು ಕೂಡಿಸಿದರೆ ಹೆಂಚಿನ ಉದ್ದ ಸರಿಯಾಗಿ ಬರುತ್ತದೆ. ಎಲ್ಲಿ ಮುಟ್ಟಿದರೂ ಕನಿಷ್ಠ ಎರಡು ಪದರ ಹೆಂಚು. ಚದರ ಮೀಟರಿಗೆ 60 ಹೆಂಚು ಬೇಕು.

ಈಗ ಲೆಕ್ಕ ಹಾಕಿ. ನೆಲದ ಮೇಲೆ 50 ಚದರ ಮೀಟರಿನ ಪುಟ್ಟ ಮನೆ. 55 ಡಿಗ್ರಿ ಇಳಿಜಾರಿನಲ್ಲಿ ಅದರ ಮಾಡು 87 ಚದರ ಮೀಟರ್ ಆಗುತ್ತದೆ. ಸೂರಿನ ಚಾಚನ್ನು ಬಿಟ್ಟರೂ ಐದು ಸಾವಿರದ ಇನ್ನೂರು ಹೆಂಚು. ಮೀನಿನ ಹುರುಪೆಯಂತೆ ತುದಿ ದುಂಡಗಾದ ಹೆಂಚಿನ ಪಟ್ಟಿಗಳನ್ನು ನಡುನಡುವೆ ಸೇರಿಸುವುದು ಅಂದಿನ ಶೋಕಿ: ಆರೋ ಎಂಟೋ ಸಾಲು ಚಪ್ಪಟೆ, ಮೂರು ನಾಲ್ಕು ಸಾಲು ಹುರುಪೆ. ತುದಿ ದುಂಡಗಾದ ಕಡೆ ಕೆಳಗಿನ ಸಾಲಿನ ಸಂದು ಹೊರಗೆ ಇಣುಕುತ್ತದೆ. ಹಾಗಾಗಿ ಆ ಸಾಲುಗಳಲ್ಲಿ ಒಡೆದ ಹೆಂಚನ್ನು ‘ಆಮೇಲೆ ನೋಡೋಣ’ ಎಂದು ಬಿಡುವಂತಿಲ್ಲ. ಹೆಂಚು ಗಟ್ಟಿಯಾಗಿದ್ದರೂ ಅದನ್ನು ಹಿಡಿದ ಮೊಳೆ ತುಕ್ಕು ಹಿಡಿದು ಸವೆದುಹೋಗಿ, ಒಂದು ಚಳಿಗಾಲದಲ್ಲಿ ಹತ್ತು ಹೆಂಚು ಜಾರಿದರೆ ಮುಂದಿನ ಚಳಿಗಾಲದಲ್ಲಿ ಐವತ್ತು ಜಾರುತ್ತವೆ. ಅಂಥ ಮಾಡನ್ನು ಬಿಡಿಬಿಡಿಯಾಗಿ ತೇಪೆ ಹಾಕುವುದು ದುಡ್ಡಿನ ದಂಡ. ಇಳಿಸಿ, ಪ್ರತಿಯೊಂದನ್ನೂ ಬೆರಳ ಗಂಟಿನಿಂದ ತಟ್ಟಿ, ‘ಟಣ್’ ಎಂದದ್ದನ್ನು ಉಳಿಸಿ, ಮಂದವಾಗಿ ಸದ್ದು ಮಾಡಿದ್ದನ್ನು ತೆಗೆದು, ಹೊಸ ಮೊಳೆಯಲ್ಲಿ ಮತ್ತೆ ಹೊದಿಸಬೇಕು. ಉಳಿದ ಹಳೆಯ ಹೆಂಚನ್ನೆಲ್ಲ ರಸ್ತೆಯ ಕಡೆಗೆ, ಹೊಸದನ್ನು ಹಿಂಬದಿಗೆ ಹಾಕುವುದು ರೂಢಿ. ರಸ್ತೆಯಿಂದ ನೋಡಲೆಂದೇ ಹುಟ್ಟಿದ ಮನೆಗೆ ಆ ಮೋಸ ಸಲ್ಲುತ್ತದೆ.

ಕೆಲಸಕ್ಕೆ ಮುನ್ನ ಇನ್ನೊಂದು ಇದೆ: ಬಾವಲಿ. ಮರಗಳ ನಡುವಿನ ಇಂಥ ಹಳೆಯ ಮಾಡಿನಲ್ಲಿ ಅವು ನೆಲೆಸಿರುವ ಸಾಧ್ಯತೆ ಹೆಚ್ಚು, ಬ್ರಿಟನ್ನಿನಲ್ಲಿ ಅವುಗಳಿಗೆ ಕಾನೂನಿನ ರಕ್ಷಣೆ ಇದೆ. ಸಮೀಕ್ಷೆ ಮಾಡಿಸದೆ ಹೆಂಚು ಎತ್ತಿದರೆ ಕೆಲಸ ನಿಲ್ಲುತ್ತದೆ. ಕೆಲಸಕ್ಕೆಂದು ಮನೆಯ ಸುತ್ತ ಕಟ್ಟಿಸಿದ ಅಟ್ಟಣಿಗೆಯ ಬಾಡಿಗೆ ಮಾತ್ರ ನಿಲ್ಲುವುದಿಲ್ಲ.

ನೀರು ಒಳಬರುವುದು ಹೆಂಚಿನ ಮೈಯಿಂದ ಕಡಿಮೆ, ಸಂದಿನಿಂದ ಹೆಚ್ಚು. ಎರಡು ಮಾಡು ಒಳಮೂಲೆಯಲ್ಲಿ ಕೂಡುವ ತಗ್ಗಿಗೆ ಇಂಗ್ಲಿಷಿನಲ್ಲಿ ವ್ಯಾಲಿ ಎನ್ನುತ್ತಾರೆ. ಟಿ ಆಕಾರದ ಮನೆಗೆ ಇಂಥ ವ್ಯಾಲಿ ಎರಡು, ಶಿಲುಬೆಯ ಆಕಾರಕ್ಕೆ ನಾಲ್ಕು, ಮಾಡಿನಿಂದ ಎದ್ದ ಪ್ರತಿ ಡಾರ್ಮರ್ ಕಿಟಕಿಗೂ ಮತ್ತೆರಡು. ಪುಟ್ಟ ಮನೆಯಲ್ಲಿ ಎಂಟು ವ್ಯಾಲಿ ಎಣಿಸುವುದು ಅಪರೂಪವಲ್ಲ. ಅದರ ಹತ್ತರಷ್ಟು ದೊಡ್ಡ ಕೊಟ್ಟಿಗೆಗೆ ಒಂದೂ ಇರುವುದಿಲ್ಲ. ನಮ್ಮಲ್ಲಿ ಅಡಿಕೆ ದಂಬೆ ಇಡುವ ಕಡೆ ಅಲ್ಲಿ ಸೀಸದ ತಗಡು. ವ್ಯಾಲಿಗೆ ಸುಮಾರು 2.24 ಮಿಲಿಮೀಟರ್ ದಪ್ಪದ ತಗಡನ್ನು ಬಳಸುತ್ತಾರೆ. ಒಂದು ತುಂಡು ಒಂದೂವರೆ ಮೀಟರ್ ಮೀರಬಾರದು. ಕಾರಣ ಸರಳ. ಸೀಸ ಬಿಸಿಲಿಗೆ ಬಹಳ ಹಿಗ್ಗುತ್ತದೆ: 40 ಡಿಗ್ರಿಯ ಏರಿಳಿತಕ್ಕೆ ಒಂದೂವರೆ ಮೀಟರ್ ತಗಡು ಸುಮಾರು 1.7 ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ತಲೆಯ ಕಡೆ ಮಾತ್ರ ಮೊಳೆ ಹೊಡೆದು ಬಾಲವನ್ನು ಸಡಿಲ ಬಿಟ್ಟರೆ ಅದು ಆಡಿಕೊಂಡಿರುತ್ತದೆ. ಮೂರು ಮೀಟರಿನ ಒಂದೇ ತುಂಡನ್ನು ಹಾಸಿ ಎರಡೂ ಕಡೆ ಮೊಳೆ ಬಡಿದರೆ ಕೆಲವೇ ವರ್ಷಗಳಲ್ಲಿ ನಡುವೆ ಸುಕ್ಕು, ಸುಕ್ಕಿನ ಮೇಲೆ ಬಿರುಕು. ಸಂದುಗಳು ಜಾಸ್ತಿಯಾದರೆ ಸೋರುತ್ತದೆ ಎಂದು ಹೆದರಿ ಉದ್ದ ತುಂಡು ಹಾಕುವ ಕೆಲಸಗಾರ ಸೋರಿಕೆಯನ್ನು ತಾನೇ ಕರೆತರುತ್ತಾನೆ. ಹಾವಸೆ ಬೆಳೆದ ಮಾಡಿನಿಂದ ಹನಿಯುವ ನೀರು ಆಮ್ಲೀಯ, ಅದು ಬೀಳುವ ಗೆರೆಯಲ್ಲೇ ಸೀಸವನ್ನು ಸವೆಸಿ ಗೀರು ಕೊರೆಯುತ್ತದೆ. ವ್ಯಾಲಿಯಲ್ಲಿ ಹೆಂಚಿನ ಅಂಚಿಗೆ ಸಮನಾಗಿ ಹೊಳೆಯುವ ಗೆರೆ ಕಂಡರೆ ಅದು ಹೊಸ ತಗಡಿನ ಹೊಳಪಲ್ಲ, ತೂತಾಗುವ ಸೂಚನೆ.

ಹೊಗೆಗೂಡಿನ ವಿಷಯಕ್ಕೆ ಬರೋಣ. ಬೆಂಕಿ ಸರಿಯಾಗಿ ಎಳೆಯಬೇಕಾದರೆ ಅದರ ಬಾಯಿ ಮಾಡಿನ ನೆತ್ತಿಗಿಂತ ಮೇಲಿರಬೇಕು, ಸುತ್ತ ಮರಗಳಿದ್ದರೆ ಇನ್ನೂ ಎತ್ತರ ಬೇಕು. ಇಷ್ಟು ಉಪಯೋಗದ ಮಾತು. ಉಳಿದದ್ದೆಲ್ಲ ಅಲಂಕಾರ: ಎಂಟು ಮುಖದ ಕಂಬಗಳು, ತಿರುಚಿದ ಇಟ್ಟಿಗೆ, ನಕ್ಷತ್ರದಾಕಾರದ ತಲೆ, ಎರಡು ಮೂರು ಕಂಬಗಳನ್ನು ಒಂದೇ ಪೀಠದ ಮೇಲೆ ಗುಂಪಾಗಿ ನಿಲ್ಲಿಸುವುದು. ಒಂದು ಕಂಬ ಹುಸಿಯಾಗಿರುವುದೂ ಉಂಟು, ಒಳಗೆ ಕೊಳವೆಯೇ ಇರುವುದಿಲ್ಲ, ಜೋಡಿಗೆ ಜೋಡಿ ಇರಲೆಂದು ಕಟ್ಟಿದ್ದು. ಹೊಗೆಗೂಡು ಮನೆಯ ನಡುವೆ, ಮಾಡಿನ ನೆತ್ತಿಯನ್ನು ಸೀಳಿಕೊಂಡು ಬಂದಿದ್ದರೆ ಜಾಣತನ: ಒಲೆಯ ಶಾಖ ಎಲ್ಲ ಕೋಣೆಗೂ ಹರಡುತ್ತದೆ, ನೀರು ಎರಡೂ ಕಡೆ ಇಳಿದುಹೋಗುತ್ತದೆ. ಇಳಿಜಾರಿನ ನಡುವೆಯೋ ವ್ಯಾಲಿಯ ಕೊನೆಯಲ್ಲೋ ಎದ್ದಿದ್ದರೆ ಅದರ ಬೆನ್ನಿಗೆ ನೀರು ನಿಲ್ಲುತ್ತದೆ. ಅಲ್ಲಿ ನೀರನ್ನು ಪಕ್ಕಕ್ಕೆ ಹರಿಸುವ ಸೀಸದ ದೋಣಿ ಬೇಕು. ಅದರಲ್ಲಿ ಎಲೆ ತುಂಬಿಕೊಂಡರೆ ಕೆಳಗಿನ ಮಲಗುವ ಕೋಣೆಯ ಮೂಲೆಯಲ್ಲಿ ಕಂದು ಕಲೆ.

ಹೊಗೆಗೂಡು ವಾಲುವುದೂ ಸಾಮಾನ್ಯ. ಕಲ್ಲಿದ್ದಲಿನ ಹೊಗೆಯಲ್ಲಿರುವ ಗಂಧಕ ಇಟ್ಟಿಗೆಯ ತೇವದಲ್ಲಿ ಸೇರಿ ಸಲ್ಫೇಟ್ ಆಗುತ್ತದೆ, ಅದು ಗಾರೆಯನ್ನು ಉಬ್ಬಿಸುತ್ತದೆ, ಸಿಮೆಂಟು ಬೆರೆತ ಗಾರೆಯನ್ನಂತೂ ಇನ್ನಷ್ಟು. ಮಳೆ ಬಡಿಯುವ ಮಗ್ಗುಲು ಹೆಚ್ಚು ಒದ್ದೆ, ಹೆಚ್ಚು ಉಬ್ಬು. ಆ ಮಗ್ಗುಲು ಉದ್ದವಾಗುತ್ತ ಬಂದು ಇಡೀ ಕಂಬ ಎದುರು ಮಗ್ಗುಲಿಗೆ ಬಾಗುತ್ತದೆ. ತೂಗುಗುಂಡು ಬಿಟ್ಟು ನೋಡಿ, ಅಳತೆ ಬರೆದಿಟ್ಟು, ವರ್ಷ ಕಳೆದ ಮೇಲೆ ಮತ್ತೆ ನೋಡುವುದು ಮೊದಲ ಕೆಲಸ. ಬಾಗು ಬೆಳೆಯುತ್ತಿದ್ದರೆ ಪ್ರತಿ ಇಟ್ಟಿಗೆಗೂ ಅಂಕಿ ಬರೆದು ಬಿಚ್ಚಿ, ಸುಣ್ಣದ ಗಾರೆಯಲ್ಲಿ ಮತ್ತೆ ಕಟ್ಟಬೇಕು. ಒಲೆ ಉರಿಸದ ಮನೆಯವರು ಮಾಡುವ ತಪ್ಪು ಹೊಗೆಗೂಡಿನ ಬಾಯಿಗೆ ಸಿಮೆಂಟಿನ ಬಿಲ್ಲೆ ಜಡಿಯುವುದು. ಒಳಗೆ ಗಾಳಿಯಾಡದೆ ಹಳೆಯ ಮಸಿ ತೇವ ಹೀರಿ ಗೋಡೆಯಲ್ಲಿ ಹಳದಿ ಕಲೆಯಾಗಿ ಇಳಿಯುತ್ತದೆ. ಮೇಲೆ ಗಾಳಿ ಹೋಗುವ ಟೋಪಿ, ಕೆಳಗೆ ಒಲೆಯ ಬಾಯಲ್ಲೊಂದು ಜಾಲರಿ ಇದ್ದರೆ ಸಾಕು.

ಅಂಚಿನ ಹಲಗೆ

ಲಾಡ್ಜಿನ ಫೋಟೊ ತೆಗೆಯುವವರೆಲ್ಲ ತೆಗೆಯುವುದು ಇದನ್ನೇ. ಗೇಬಲ್ಲಿನ ಎರಡು ಇಳಿಜಾರು ಅಂಚುಗಳಿಗೆ ಹೊಡೆದ, ಅಲೆಯಂತೆಯೋ ಮೂರೆಸಳಿನಂತೆಯೋ ಕೊರೆದ ಹಲಗೆ. ಅದಕ್ಕೆ ಬಾರ್ಜ್‌ಬೋರ್ಡ್ ಎಂದು ಹೆಸರು. ಎರಡೂ ಕೂಡುವ ನೆತ್ತಿಯಲ್ಲಿ ಮೇಲಕ್ಕೆ ಚೂಪಾಗಿ, ಕೆಳಕ್ಕೆ ಗುಂಡಾಗಿ ಇಳಿಬಿದ್ದ ಮರದ ಕಳಶ. ಬೆಂಗಳೂರಿನ ದಂಡು ಪ್ರದೇಶದ ಹಳೆಯ ಬಂಗಲೆಗಳ ‘ಮಂಕಿ ಟಾಪ್’ ನೋಡಿದವರಿಗೆ ಈ ಕೊರೆತ ಹೊಸತಲ್ಲ. ಅದೇ ಇಂಗ್ಲಿಷ್ ಕುಟೀರ, ವಿಲ್ಲಾಗಳ ರುಚಿ ಇಲ್ಲಿಗೆ ಬಂದು ಬಿಸಿಲಿಗೆ ತಕ್ಕ ಹಾಗೆ ಬದಲಾಯಿತು: ಕಿಟಕಿಯ ಮೇಲೆ ಚಾಚಿಕೊಂಡ ಚೂಪು ಮಾಡು, ಸಂದುಸಂದಾದ ಮರದ ಪಟ್ಟಿ, ಒಳಗೆ ನೆರಳು. ಹಾಗೆ ನೋಡಿದರೆ ನಮ್ಮಲ್ಲಿ ಅದಕ್ಕೊಂದು ಕೆಲಸ ಸಿಕ್ಕಿತು.

ಮೂಲದಲ್ಲೂ ಅದಕ್ಕೆ ಕೆಲಸ ಇಲ್ಲದಿಲ್ಲ. ಗೇಬಲ್ಲಿನಾಚೆ ಚಾಚಿದ ಹೆಂಚು ಮತ್ತು ರೀಪುಗಳ ತುದಿಯನ್ನು ಗಾಳಿಮಳೆಯಿಂದ ಮುಚ್ಚುವುದು ಅದರ ಉದ್ಯೋಗ. ಅದಕ್ಕೆ ಅಂಗೈ ಅಗಲದ ನೇರ ಹಲಗೆ ಸಾಕಿತ್ತು. ಕೊರೆತ ಬಂದದ್ದರಿಂದ ಮರದ ಎಳೆಗಳು ಅಡ್ಡಡ್ಡ ತುಂಡಾದವು, ನೀರು ಕುಡಿಯುವ ಬಾಯಿಗಳು ನೂರಾದವು. ಮರ ನೀರು ಕುಡಿಯುವುದು ಎಳೆಯ ತುದಿಯಿಂದ. ಹಲಗೆಯ ಬುಡದಲ್ಲಿ, ಅಂದರೆ ಸೂರಿನ ಮೂಲೆಯಲ್ಲಿ, ಮೊದಲು ಕೊಳೆ ಶುರು. ಎರಡನೆಯದು ನೆತ್ತಿಯ ಕೂಡು, ಕಳಶದ ಹಿಂದೆ. ಹೊರಗಿನ ಬಣ್ಣ ಹೊಳೆಯುತ್ತಿರುತ್ತದೆ, ಒಳಗೆ ಮರ ಹಿಟ್ಟಾಗಿರುತ್ತದೆ. ಸಣ್ಣ ಚೂಪಿನ ಉಳಿಯಿಂದ ಬುಡವನ್ನೂ ನೆತ್ತಿಯನ್ನೂ ಚುಚ್ಚಿ ನೋಡಿದರೆ ಐದು ನಿಮಿಷದಲ್ಲಿ ತಿಳಿಯುತ್ತದೆ. ನೆಲದಿಂದ ದುರ್ಬೀನು ಹಿಡಿದು ಬರೆದ ವರದಿಯಲ್ಲಿ ಇದು ಸಿಗುವುದಿಲ್ಲ.

ಇಡೀ ಹಲಗೆ ಬದಲಿಸುವುದು ಸೋಮಾರಿ ದಾರಿ, ದುಬಾರಿಯೂ ಹೌದು. ಕೊಳೆತ ಬುಡವನ್ನು ಗಟ್ಟಿ ಮರ ಸಿಗುವವರೆಗೆ ಓರೆಯಾಗಿ ಕೊಯ್ದು, ಅದೇ ಜಾತಿಯ ಒಣಗಿದ ಮರವನ್ನು ಅದೇ ಓರೆಗೆ ಕೂಡಿಸಬೇಕು. ಓರೆಯ ಮೇಲ್ತುದಿ ಗೋಡೆಯ ಕಡೆಗಿದ್ದು ಇಳಿಜಾರು ಹೊರಕ್ಕೆ ಬಂದರೆ ಸಂದಿನಲ್ಲಿ ಸೇರಿದ ನೀರು ಹೊರಗೆ ಹೋಗುತ್ತದೆ. ತಿರುವುಮುರುವಾದರೆ ಸಂದೇ ಬಟ್ಟಲಾಗುತ್ತದೆ. ಕೊರೆತದ ಅಚ್ಚನ್ನು ತೆಗೆಯುವ ಮೊದಲು ಹಳೆಯ ಬಣ್ಣವನ್ನು ಬಿಡಿಸಬೇಕು, ಇಲ್ಲದಿದ್ದರೆ ನೂರೈವತ್ತು ವರ್ಷದ ಬಣ್ಣದ ಪದರಗಳು ಮೆತ್ತಗೆ ಮಾಡಿದ ಆಕಾರವೇ ಹೊಸ ಮರಕ್ಕೂ ಬರುತ್ತದೆ. ಆ ಹಳೆಯ ಬಣ್ಣದಲ್ಲಿ ಸೀಸ ಇದ್ದೇ ಇರುತ್ತದೆ ಎಂದುಕೊಂಡೇ ಹೊರಡುವುದು ಕ್ಷೇಮ. ಒಣ ಮರಳುಕಾಗದದಿಂದ ಉಜ್ಜಿ ದೂಳೆಬ್ಬಿಸುವ ಹಾಗಿಲ್ಲ. ಹೊಸ ತುಂಡಿಗೆ ನಾಲ್ಕೂ ಮೈಗೆ, ಮುಖ್ಯವಾಗಿ ಬೆನ್ನಿಗೆ ಮತ್ತು ತುದಿಗೆ, ಗೋಡೆಗೆ ಹೊಡೆಯುವ ಮುನ್ನವೇ ಬಣ್ಣ ಬೀಳಬೇಕು. ಹೆಂಚು ಹಲಗೆಯ ಮುಖದಿಂದ 40ರಿಂದ 50 ಮಿಲಿಮೀಟರ್ ಹೊರಗಿರಬೇಕು. ಎಷ್ಟೋ ರಿಪೇರಿಗಳಲ್ಲಿ ಹೊಸ ಹಲಗೆ ಹಳೆಯದಕ್ಕಿಂತ ದಪ್ಪವಾಗಿ, ಈ ಚಾಚು ತಿಂದುಹೋಗಿ, ಮಳೆನೀರು ನೇರ ಕೊರೆತದ ಮೇಲೇ ಇಳಿಯುತ್ತಿರುತ್ತದೆ.

ಗೋಡೆಗಳಲ್ಲೂ ವೇಷವೇ ಹೆಚ್ಚು. ಗೇಬಲ್ಲಿನಲ್ಲಿ ಕಾಣುವ ಕಪ್ಪು ಮರದ ಚೌಕಟ್ಟು ಎಷ್ಟೋ ಕಡೆ ಒಂದಿಂಚಿನ ಹಲಗೆ, ಇಟ್ಟಿಗೆ ಗೋಡೆಗೆ ಮೊಳೆ ಹೊಡೆದದ್ದು, ನಡುವೆ ಬಿಳಿ ಗಾರೆ. ನಿಜವಾದ ಮರದ ಚೌಕಟ್ಟಾದರೆ ಗೂಟಗಳ ತಲೆ ಕಾಣುತ್ತದೆ, ಒಂದು ಕಂಬ ಇನ್ನೊಂದರ ಭಾರ ಹೊತ್ತದ್ದು ತಿಳಿಯುತ್ತದೆ. ವೇಷದ ಹಲಗೆಯ ಹಿಂದೆ ನೀರು ಸೇರಿದರೆ ಹೊರಬರಲು ದಾರಿಯಿಲ್ಲ. ಅಲ್ಲಿಗೆ ಸಿಲಿಕೋನ್ ತುಂಬುವವರು ಆ ನೀರನ್ನು ಒಳಗೇ ಬೀಗ ಹಾಕಿ ಇಡುತ್ತಾರೆ.

ಕೆಳಗಿನ ಗೋಡೆ ಒಂಬತ್ತು ಇಂಚಿನ ಗಟ್ಟಿ ಇಟ್ಟಿಗೆ ಅಥವಾ ಕಲ್ಲು, ಸುಣ್ಣದ ಗಾರೆ. ಇದು ಮಳೆಯಲ್ಲಿ ನೀರು ಕುಡಿದು ಗಾಳಿಯಲ್ಲಿ ಒಣಗುವ ಗೋಡೆ. ಒಣಗುವುದು ಸಂದಿನ ಗಾರೆಯ ಮೂಲಕ. ಇಪ್ಪತ್ತನೆಯ ಶತಮಾನದಲ್ಲಿ ಆ ಸಂದಿಗೆ ಸಿಮೆಂಟು ತುಂಬಿದರು. ಗಾರೆ ಮುಚ್ಚಿಕೊಂಡಮೇಲೆ ತೇವ ಇಟ್ಟಿಗೆಯ ಮೈಯಿಂದಲೇ ಹೊರಡಬೇಕಾಯಿತು, ಹಿಮ ಕಟ್ಟಿದಾಗ ಮುಖ ಪದರಪದರವಾಗಿ ಉದುರಿತು. ಇಟ್ಟಿಗೆ ತಗ್ಗಾಗಿ ಸಿಮೆಂಟಿನ ಗೆರೆಗಳು ಮಾತ್ರ ಜೇನುಗೂಡಿನ ಅಂಚಿನಂತೆ ಎದ್ದುನಿಂತ ಗೋಡೆಗಳು ಇದರ ಗುರುತು. ಸರಿಮಾಡಲು ಸಿಮೆಂಟನ್ನು ಸಂದಿನ ಅಗಲದ ಎರಡರಷ್ಟು ಆಳಕ್ಕೆ ಕೈ ಉಳಿಯಿಂದ ತೆಗೆದು, ಒಂದು ಪಾಲು ಮಧ್ಯಮ ಬಲದ ಹೈಡ್ರಾಲಿಕ್ (ನೀರಿನೊಡನೆ ಸೇರಿ ಗಟ್ಟಿಯಾಗುವ) ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ಒರಟು ಮರಳು ಬೆರೆಸಿ ತುಂಬುತ್ತಾರೆ. ಯಂತ್ರದ ಗರಗಸ ಹಚ್ಚಿದರೆ ಇಟ್ಟಿಗೆಯ ಅಂಚೇ ಹೋಗುತ್ತದೆ. ತುಂಬುವ ಮೊದಲು ಸಂದನ್ನು ನೆನೆಸಬೇಕು, ತುಂಬಿದ ಮೇಲೆ ಒದ್ದೆ ಗೋಣಿತಾಟು ಇಳಿಬಿಟ್ಟು ಹಲವು ದಿನ ತೇವ ಕಾಯಬೇಕು. 5 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಈ ಕೆಲಸ ಹಿಡಿಯಬಾರದು.

ಕಿಟಕಿಯ ಸಂಗತಿ ಸ್ವಲ್ಪ ವಿಚಿತ್ರ. ಸೀಸದ ಪಟ್ಟಿಯಲ್ಲಿ ಕೂಡಿಸಿದ ಸಣ್ಣಸಣ್ಣ ವಜ್ರಾಕಾರದ ಗಾಜು ಲಾಡ್ಜಿನ ಗುರುತು. ಹಿಂದಿನ ಶತಮಾನಗಳಲ್ಲಿ ದೊಡ್ಡ ಗಾಜು ದುಬಾರಿ ಎಂದು ಹಾಗೆ ಮಾಡುತ್ತಿದ್ದರು. 1845ರ ನಂತರ ಗಾಜು ಅಗ್ಗ, ಒಳಗಿನ ಬಂಗಲೆಗೆ ವಿಶಾಲವಾದ ಒಂದೇ ಹಾಳೆಯ ಗಾಜು ಬಂತು. ಗೇಟಿನವರ ಮನೆಗೆ ಮಾತ್ರ ಹಳೆಯ ಕಾಲದ ಕತ್ತಲನ್ನೇ ದುಡ್ಡು ಕೊಟ್ಟು ಮಾಡಿಸಿದರು. ಹೊಲಿಗೆಗೆ ಕೂತವಳ ಕಣ್ಣಿನ ಮಾತು ಯಾವ ಮಾದರಿ ನಕ್ಷೆಯೂ ಎತ್ತುವುದಿಲ್ಲ. ಆ ಸೀಸದ ಜಾಲ ಬಿಸಿಲಿಗೆ ಹಿಗ್ಗಿ ತನ್ನ ಭಾರಕ್ಕೆ ಕುಗ್ಗಿ ಹೊಟ್ಟೆ ಬಿಡುತ್ತದೆ. ಒಳಗೆ ಅಡ್ಡಲಾಗಿ ಒಂದು ಕಬ್ಬಿಣದ ಸರಳು, ಅದಕ್ಕೆ ಜಾಲವನ್ನು ಬಿಗಿದ ತಾಮ್ರದ ತಂತಿ ಇರುತ್ತದೆ. ತಂತಿ ತುಂಡಾದದ್ದನ್ನು ಗಮನಿಸಿ ಮತ್ತೆ ಕಟ್ಟಿದರೆ ಹತ್ತಾರು ವರ್ಷ ಮುಂದಕ್ಕೆ ಹೋಗುತ್ತದೆ. ಕಲ್ಲಿನ ಚೌಕಟ್ಟಿಗೆ ನೇರವಾಗಿ ಕೂರಿಸಿದ ಕಬ್ಬಿಣದ ಕದ ತುಕ್ಕು ಹಿಡಿದರೆ ಉಬ್ಬಿ ಕಲ್ಲನ್ನೇ ಸೀಳುತ್ತದೆ. ಬಣ್ಣ ಬಳಿಯುವ ಖರ್ಚು ಉಳಿಸಿದವರು ಕಲ್ಲುಕುಟಿಗರಿಗೆ ಕೊಡುತ್ತಾರೆ.

ಎಸ್ಟೇಟುಗಳಿಂದ ಈ ರೂಪ ಸಾರ್ವಜನಿಕ ಪಾರ್ಕುಗಳಿಗೆ ಜಿಗಿಯಿತು. ಲೌಡನ್ ರೂಪಿಸಿದ ಮರಗಳ ಉದ್ಯಾನ ಡರ್ಬಿ ಆರ್ಬೊರೇಟಮ್ 1840ರಲ್ಲಿ ತೆರೆದಾಗ ಅದರ ಲಾಡ್ಜುಗಳನ್ನು ಇ. ಬಿ. ಲ್ಯಾಂಬ್ ಮಾಡಿಕೊಟ್ಟರು. ಜೋಸೆಫ್ ಪ್ಯಾಕ್ಸ್‌ಟನ್ ರೂಪಿಸಿ 1847ರಲ್ಲಿ ತೆರೆದ ಬರ್ಕೆನ್‌ಹೆಡ್ ಪಾರ್ಕಿನಲ್ಲಿ ಒಂದೊಂದು ದಾರಿಗೆ ಒಂದೊಂದು ಶೈಲಿ: ಒಂದು ಗಾಥಿಕ್, ಒಂದು ಇಟಾಲಿಯನ್, ಒಂದು ನಾರ್ಮನ್, ಒಂದು ಕೋಟೆಯ ತೆನೆಗಳದ್ದು. ಮಾದರಿ ಪುಸ್ತಕದ ಪುಟಗಳನ್ನು ಪಾರ್ಕಿನ ಸುತ್ತ ನಿಲ್ಲಿಸಿದ ಹಾಗೆ. ನೋಡಲು ಖುಷಿ, ಆದರೆ ಒಂದರಲ್ಲೂ ಇನ್ನೊಂದರ ನೆನಪಿಲ್ಲ.

ಈ ಚಾಳಿಗೆ ಒಳ್ಳೆಯ ಉತ್ತರ ಲಂಡನ್ನಿನ ಕ್ಯೂ ಉದ್ಯಾನದಲ್ಲಿದೆ. ಕ್ಯೂ ರಸ್ತೆಯ ಅಂಚಿನಲ್ಲಿ ವಿಲಿಯಂ ಈಡನ್ ನೆಸ್‌ಫೀಲ್ಡ್ 1867ರಲ್ಲಿ ಮುಗಿಸಿದ ಟೆಂಪರೇಟ್ ಹೌಸ್ ಲಾಡ್ಜ್ ಅದು. ಅವರ ತಂದೆ ವಿಲಿಯಂ ಆಂಡ್ರ್ಯೂಸ್ ನೆಸ್‌ಫೀಲ್ಡ್ ಅದೇ ಉದ್ಯಾನದ ನೋಟಸಾಲುಗಳನ್ನು ರೂಪಿಸಿದವರು. ಮಗನ ಲಾಡ್ಜಿಗೆ ಕೊರೆದ ಅಂಚುಹಲಗೆ ಇಲ್ಲ, ಹುಸಿ ಮರದ ಚೌಕಟ್ಟಿಲ್ಲ. ಕೆಂಪು ಇಟ್ಟಿಗೆ, ನಾಲ್ಕೂ ಕಡೆ ಇಳಿಯುವ ಎತ್ತರದ ಮಾಡು, ಸೂರಿನ ಕೆಳಗೆ ಒಳಬಾಗಿದ ಗಾರೆಯ ಪಟ್ಟಿ, ಕೆಲವು ಡಾರ್ಮರ್, ನಟ್ಟನಡುವೆ ಒಂದೇ ಒಂದು ಭಾರಿ ಹೊಗೆಗೂಡು. ಮುಂದೆ ‘ಕ್ವೀನ್ ಆ್ಯನ್’ ಎಂದು ಹೆಸರಾದ ಶೈಲಿಯ ಮೊದಮೊದಲ ಕಟ್ಟಡಗಳಲ್ಲಿ ಇದನ್ನು ಎಣಿಸುತ್ತಾರೆ. ಕಟ್ಟುವವರ ಕಣ್ಣಿನಿಂದ ನೋಡಿದರೆ ಇನ್ನೊಂದು ಮಾತು ಹೊಳೆಯುತ್ತದೆ: ಗೇಬಲ್ ಬಿಟ್ಟು ನಾಲ್ಕುಪಾಲಿನ ಮಾಡಿಗೆ ಮರಳಿದ್ದರಿಂದ ದೊಡ್ಡ ವ್ಯಾಲಿ ಒಂದೂ ಬೇಕಾಗಲಿಲ್ಲ, ಹೊಗೆಗೂಡಿನ ಬೆನ್ನಿಗೆ ನೀರು ನಿಲ್ಲಲಿಲ್ಲ. ಚಿತ್ರದಂಥ ಮನೆ ಮಳೆಯ ಲೆಕ್ಕವನ್ನೂ ಮೊದಲೇ ಹಾಕಿಕೊಂಡು ಹುಟ್ಟಬಹುದು ಎಂಬುದಕ್ಕೆ ಇದು ಸಾಕ್ಷಿ. ಅಂದಹಾಗೆ, ಕ್ಯೂ ಉದ್ಯಾನಕ್ಕೂ ನಮಗೂ ನಂಟಿದೆ. ಲಾಲ್‌ಬಾಗನ್ನು 1874ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ನಡೆಸಿದ ಜಾನ್ ಕ್ಯಾಮರಾನ್, ಅವರ ನಂತರ ಬಂದ ಕ್ರುಂಬಿಗಲ್, ಇಬ್ಬರೂ ಕ್ಯೂ ಉದ್ಯಾನದಲ್ಲಿ ಪಳಗಿ ಬಂದವರು.

ಇಪ್ಪತ್ತನೆಯ ಶತಮಾನ ಗೇಟಿನ ಕೆಲಸವನ್ನೇ ಕಸಿದುಕೊಂಡಿತು. ಬಂಗಲೆಗಳು ಶಾಲೆಯೋ ಹೋಟೆಲ್ಲೋ ಆದವು, ಲಾಡ್ಜು ಬೇರೆಯಾಗಿ ಮಾರಾಟವಾಯಿತು. ಕೊಂಡವರು ಮೊದಲು ಕೇಳುವುದು ಇನ್ನೊಂದು ಕೋಣೆ ಹೇಗೆ ಸೇರಿಸಲಿ ಎಂದು. ಹಿಂಬದಿಯ ಇಳಿಮಾಡಿನ ಜಾಗದಿಂದ, ನೆತ್ತಿ ಹಳೆಯದಕ್ಕಿಂತ ಬಹಳ ತಗ್ಗಾಗಿ, ನಡುವೆ ಗಾಜಿನದೋ ಚಪ್ಪಟೆ ಮಾಡಿನದೋ ಒಂದು ಕೊಂಡಿ ಇಟ್ಟು ಬೆಳೆಸುವುದು ಸರಿದಾರಿ. ಹಳೆಯ ಗೇಬಲ್ಲಿನ ನಕಲು ಮಾಡಿ ದೊಡ್ಡದಾಗಿ ಪಕ್ಕದಲ್ಲಿ ನಿಲ್ಲಿಸಿದರೆ ಮೂಲದ್ದು ಮಗುವಿನ ಆಟಿಕೆಯಂತೆ ಕಾಣುತ್ತದೆ, ಜೊತೆಗೆ ಮತ್ತೊಂದು ವ್ಯಾಲಿ. ಮೇಲಿನ ಕೋಣೆ ಬೆಚ್ಚಗಾಗಲೆಂದು ಇಳಿಜಾರು ಪಕಾಸಿಗಳ ನಡುವೆ ಫೋಮ್ ತುರುಕಿ ಗಾಳಿಯ ದಾರಿ ಮುಚ್ಚಿದರೆ ಉಸಿರಿನ ತೇವ ಪಕಾಸಿಯ ಮೇಲೆ ಕಟ್ಟಿ ಕೊಳೆಸುತ್ತದೆ. ಹೆಂಚಿನ ಕೆಳಗೆ ಒಂದೆರಡು ಇಂಚು ಗಾಳಿ ಓಡಾಡಲೇಬೇಕು. ಇಂಗ್ಲೆಂಡಿನಲ್ಲಿ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿದ ಕಟ್ಟಡವಾದರೆ ಇದಕ್ಕೆಲ್ಲ ಮುಂಚಿತ ಅನುಮತಿ ಬೇಕು, ಇಲ್ಲದೆ ಮಾಡುವುದು ಅಪರಾಧ. ಬಂಗಲೆ ಪಟ್ಟಿಯಲ್ಲಿದ್ದು ಅದರ ಆವರಣದಲ್ಲಿ 1948ರ ಜುಲೈ 1ಕ್ಕೆ ಮುಂಚಿನಿಂದ ಇದ್ದ ಲಾಡ್ಜು, ಹೆಸರು ಬೇರೆಯಾಗಿ ಬರೆದಿರದಿದ್ದರೂ, ಆ ಕಟ್ಟುಪಾಡಿಗೆ ಒಳಪಡಬಹುದು.

ಗೇಟಿನ ಕಂಬಗಳಿಗೂ ಒಂದು ಕಷ್ಟ ಇದೆ. ಸಾರೋಟಿನ ಗೇಟಿನ ಅಗಲ ಹತ್ತು ಅಡಿಯಾಗಿದ್ದರೆ ಅದು 3.05 ಮೀಟರ್. ಅಗ್ನಿಶಾಮಕ ವಾಹನಕ್ಕೆ ಇಂಗ್ಲೆಂಡಿನ ನಿಯಮ ಕೇಳುವುದು 3.1 ಮೀಟರ್. ಐದು ಸೆಂಟಿಮೀಟರ್ ಕಡಿಮೆ. ಆ ಐದು ಸೆಂಟಿಮೀಟರಿನ ಗುರುತನ್ನು ಲಾರಿಗಳು ಕಂಬದ ಒಳಮೂಲೆಗಳಲ್ಲಿ ಬಿಟ್ಟುಹೋಗಿರುತ್ತವೆ.

ರಿಪೇರಿಯ ಸರದಿಯಲ್ಲಿ ಮೊದಲು ಬರಬೇಕಾದ್ದು ಸೂರಿನ ನೀರುದೋಣಿಗಳ ಎಲೆ ತೆಗೆಯುವುದು, ಆಮೇಲೆ ಅಂಗಳದ ಮಟ್ಟ. ಎರಡಕ್ಕೂ ಖರ್ಚು ಕಡಿಮೆ, ಗುಣ ಹೆಚ್ಚು. ಒಳದಾರಿಗೆ ಪ್ರತಿ ತಲೆಮಾರೂ ಜಲ್ಲಿ ಸುರಿಯುತ್ತದೆ, ಕೊನೆಗೊಮ್ಮೆ ಡಾಂಬರು. ಹಳೆಯದನ್ನು ತೆಗೆದು ಹಾಕುವವರು ಯಾರೂ ಇಲ್ಲ. ನೂರು ವರ್ಷದಲ್ಲಿ ಅಂಗಳ ಒಂದು ಅಡಿ ಏರಿದರೆ ಗೋಡೆಯ ಬುಡದ ಗಾಳಿಕಂಡಿ ಮುಚ್ಚಿಹೋಗುತ್ತದೆ, ಒಳಗಿನ ಮರದ ನೆಲದ ತೊಲೆಗಳು ಬೆವರತೊಡಗುತ್ತವೆ. ತೇವ ಏರುತ್ತಿದೆ ಎಂದು ಗೋಡೆಗೆ ರಾಸಾಯನಿಕ ಚುಚ್ಚಿಸುವ ಮೊದಲು ಹಳೆಯ ಫೋಟೊ ಒಂದನ್ನು ಹುಡುಕಿ ಮುಂಬಾಗಿಲಿನ ಮೆಟ್ಟಿಲು ಎಣಿಸಬೇಕು. ಫೋಟೊದಲ್ಲಿ ಮೂರು ಇದ್ದು ಈಗ ಒಂದೇ ಕಾಣುತ್ತಿದ್ದರೆ ಗುದ್ದಲಿ ತರಬಹುದು.